ಸಿಂಕ್ ಅಂದರೆ ನಕಲಲ್ಲ

ಫೋನಿನ ನಂಬರುಗಳನ್ನೂ ಕ್ಯಾಲೆಂಡರನ್ನೂ ಕಂಪ್ಯೂಟರಿಗೆ ಹೊಂದಿಸಲು ಹೋಗಿ ಕೈಸುಟ್ಟುಕೊಂಡವರು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮೊದಲು ಬೈಯುವುದು ಟವರನ್ನು. ಟವರಿಗೆ ಬೈಗುಳ ಸಲ್ಲಬೇಕಾದದ್ದೇ, ಆದರೆ ಈ ವಿಷಯಕ್ಕಲ್ಲ. ಸಿಂಕನ್ನು ನಾವು ನಕಲು ಅಂದುಕೊಂಡೆವು, ತಪ್ಪಿದ್ದು ಅಲ್ಲಿ. ಮೂಲ ಹಾಳಾದರೂ ನಕಲು ಪೆಟ್ಟಿಗೆಯಲ್ಲಿ ಹಾಗೇ ಇರುತ್ತದೆ. ಸಿಂಕಿನ ಕೆಲಸವೇ ಬೇರೆ: ಒಂದು ಕಡೆ ಅಳಿಸಿದ್ದನ್ನು ಎಲ್ಲ ಕಡೆಯೂ ಅಳಿಸುವುದು. ಎರಡೆರಡು ಇದೆಯಲ್ಲ ಎಂದು ಫೋನಿನಲ್ಲಿ ತೆಗೆದ ಹೆಸರು, ಸಿಗ್ನಲ್ ಸಿಕ್ಕ ಗಳಿಗೆಯಲ್ಲೇ ಕಂಪ್ಯೂಟರಿನಿಂದಲೂ ಹೊರಟುಹೋಗುತ್ತದೆ. ಅದು ಗೊತ್ತಾಗುವುದು ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡನ ನಂಬರು ಹುಡುಕುವಾಗ. ನಿಜ ಹೇಳಬೇಕೆಂದರೆ, ಸಿಗ್ನಲ್ ಇಲ್ಲದ ಮನೆಯ ಹಳೇ ಫೋನಿನಲ್ಲೇ ಎಷ್ಟೋ ಹೆಸರು ಉಳಿದಿರುತ್ತವೆ!

ಹೆಸರು ಎರಡೆರಡಾಗುವುದಾದರೂ ಯಾಕೆ? ಸಾಗರದ ಒಂದೇ ಲ್ಯಾಂಡ್‌ಲೈನನ್ನು ಒಮ್ಮೆ ಬರೀ ಆರಂಕಿಯಲ್ಲಿ, ಒಮ್ಮೆ 08183 ಸೇರಿಸಿ, ಇನ್ನೊಮ್ಮೆ +91 ಹಾಕಿ ಬರೆದಿಟ್ಟಿರುತ್ತೇವೆ. ಹೊಸನಗರದ 08185, ತೀರ್ಥಹಳ್ಳಿಯ 08181 ಕತೆಯೂ ಇದೇ. ನಮಗೆ ಅದು ಒಂದೇ ಮನೆ, ಯಂತ್ರಕ್ಕೆ ಮೂರು ಮನೆಯಾಗಬಹುದು. ಕನ್ನಡದ ಹೆಸರುಗಳ ಪಾಡು ಇನ್ನೂ ಕಷ್ಟ. ಹಳೇ ಫೋನುಗಳು ನಂಬರುಗಳನ್ನು ಫೈಲಾಗಿಸಲು ಬಳಸುವ ವಿಕಾರ್ಡ್ 2.1 ಎಂಬ ಮಾದರಿ ಕನ್ನಡ ಅಕ್ಷರವನ್ನು ಸಂಕೇತಗಳ ಸಾಲಾಗಿ ಬರೆದಿಡುತ್ತದೆ. ಓದುವ ಕಡೆ ಅದನ್ನು ಸರಿಯಾಗಿ ಬಿಡಿಸದಿದ್ದರೆ ಹೆಸರಿನ ಜಾಗದಲ್ಲಿ ಬರೀ ಸಮಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಮೆರವಣಿಗೆ.

ಎಲ್ಲವನ್ನೂ ಗೂಗಲ್ ಖಾತೆಗೆ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಯಾವ ಖಾತೆಗೆ? ಹೊಸ ಫೋನು ಕೊಂಡಾಗಲೆಲ್ಲ ಹಳೇ ಪಾಸ್‌ವರ್ಡ್ ಮರೆತು ಅಂಗಡಿಯ ಹುಡುಗನಿಂದ ಹೊಸ ಖಾತೆ ತೆರೆಸಿಕೊಳ್ಳುವವರು ನಾವೇ. ಅರ್ಧ ಹೆಸರು ಸಿಮ್ಮಿನಲ್ಲಿ, ಕಾಲುಭಾಗ ಫೋನಿನಲ್ಲಿ ಉಳಿದಿರುತ್ತವೆ. ಅವು ತಾವಾಗಿ ಖಾತೆಗೆ ಹತ್ತುವುದಿಲ್ಲ. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡದ ಹಠಕ್ಕೆ ಹುಡುಗನನ್ನು ದೂರುವುದು ನ್ಯಾಯವಲ್ಲ.

ಕ್ಯಾಲೆಂಡರಿನ ತಕರಾರೇ ಬೇರೆ ಜಾತಿಯದು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯನ್ನೋ ಮನೆಯ ತಿಥಿಯನ್ನೋ ‘ಪ್ರತಿವರ್ಷ’ ಎಂದು ಒತ್ತಿಟ್ಟರೆ, ಮುಂದಿನ ವರ್ಷ ಇಂಗ್ಲಿಷ್ ತಾರೀಖು ಅದೇ ಬರುತ್ತದೆ, ಅಮಾವಾಸ್ಯೆ ಬರುವುದಿಲ್ಲ. ಬೇರೆ ಪಂಚಾಂಗಗಳ ಲೆಕ್ಕದಲ್ಲಿ ದಿನ ಮರುಕಳಿಸುವ ನಿಯಮವೊಂದು 2015ರಲ್ಲೇ ಪ್ರಕಟವಾಗಿದೆ, ನಮ್ಮ ಕೈಯ ಸಾಮಾನ್ಯ ಆ್ಯಪುಗಳು ಅದನ್ನು ಬಳಸುವುದಿಲ್ಲ. ಹಾಗಾಗಿ ಇಲ್ಲಿ ಸಿಂಕ್ ಚೆನ್ನಾಗಿ ನಡೆದಷ್ಟೂ ತಪ್ಪು ತಾರೀಖು ಮನೆಮಂದಿಯ ಫೋನಿಗೆಲ್ಲ ಚೆನ್ನಾಗಿ ಹಂಚಿಕೆಯಾಗುತ್ತದೆ. ಜಾತ್ರೆ, ತಿಥಿಗಳಿಗೆ ಗೋಡೆಯ ಪಂಚಾಂಗವೇ ಮೂಲವಾಗಿರಲಿ. ಯುಗಾದಿ ಕಳೆದ ಮೇಲೆ ಕೂತು ಒಂದೊಂದಾಗಿ ತುಂಬಿಸಿ.

ನಂಬರುಗಳಿಗೆ ಒಂದೇ ಖಾತೆ ಇಟ್ಟುಕೊಳ್ಳಿ, ಎಲ್ಲವನ್ನೂ +91 ಹಾಕಿಯೇ ಬರೆಯಿರಿ, ತಿಂಗಳಿಗೊಮ್ಮೆ ಪಟ್ಟಿಯನ್ನು ಫೈಲಾಗಿ ಇಳಿಸಿ ಪೆನ್‌ಡ್ರೈವಿಗೆ ಹಾಕಿಡಿ. ಆಗಲೇ ಅಳಿಸಿಹೋಗಿದ್ದರೆ ಇವತ್ತೇ ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆಯಿರಿ: ಹಿಂದಿನ ಸ್ಥಿತಿಗೆ ಮರಳಲು ಅದು ಕೊಡುವುದು 30 ದಿನ ಮಾತ್ರ.