ನೀರಸದ ಮುದ್ದೆ: ಹೊಸ ವ್ರತಿಗಳಿಗೊಂದು ಪಾಠ

ಬಾಹ್ಯತಪಸ್ಸು ಆರು ವಿಧವೆಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ತಿಳಿಸುತ್ತದೆ. ಅವುಗಳಲ್ಲಿ ನಾಲ್ಕನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವೇ ಆ ರಸಗಳು. ಒಂದನ್ನು ಬಿಡುವುದೋ ಆರನ್ನೂ ಬಿಡುವುದೋ ಅವರವರ ಶಕ್ತ್ಯನುಸಾರ. ಆರನ್ನೂ ಬಿಟ್ಟು ಉಣ್ಣುವುದೇ ನೀರಸ.

ನಾಗಮಂಗಲ, ಕೃಷ್ಣರಾಜಪೇಟೆಗಳ ಹೊಲದ ಸೀಮೆಯಲ್ಲಿ ನೀರಸಕ್ಕೆ ರಾಗಿಮುದ್ದೆಯಷ್ಟು ಒಪ್ಪುವ ಆಹಾರ ಬೇರೊಂದಿಲ್ಲ. ಹಿಟ್ಟು ಮತ್ತು ನೀರು, ಇಷ್ಟೇ ಅದರ ಸಾಮಗ್ರಿ. ಇದನ್ನು ನೋಡಿಯೇ ಹೊಸಬರು ಸುಲಭವೆಂದು ಭ್ರಮಿಸುವುದುಂಟು. ಬೇರೆ ಅಡಿಗೆಯಲ್ಲಿ ಹಸಿವಾಸನೆಯನ್ನು ಉಪ್ಪು ಮರೆಸುತ್ತದೆ, ಅಂಟನ್ನು ತುಪ್ಪ ಬಿಡಿಸುತ್ತದೆ. ನೀರಸದಲ್ಲಿ ಆ ಆಸರೆಗಳಿಲ್ಲ.

ಶ್ರೀರಂಗಪಟ್ಟಣದ ತರುಣನೊಬ್ಬನು ನೌಕರಿಯ ನಿಮಿತ್ತ ನಾಗಮಂಗಲದಲ್ಲಿ ಒಂಟಿಯಾಗಿ ನೆಲೆಸಿದ್ದಾನೆ. ನಾಲೆಬಯಲಿನ ಅನ್ನವುಂಡು ಬೆಳೆದವನು. ಮುದ್ದೆಯ ಕೋಲು ಹಿಡಿದವನಲ್ಲ. ಕಂಬದಹಳ್ಳಿಯ ಬಸದಿಗೆ ಹೋದಾಗ ಅಷ್ಟಮಿ-ಚತುರ್ದಶಿಗಳಂದು ನೀರಸ ಏಕಾಶನ ಮಾಡುವೆನೆಂದು ಆರು ತಿಂಗಳ ನಿಯಮ ಕೈಕೊಂಡನು. ಮೊದಲ ಅಷ್ಟಮಿಯಂದು ನೀರು ಕುದಿಯುವ ಮುನ್ನವೇ ಹಿಟ್ಟನ್ನೆಲ್ಲ ಸುರಿದು ಒಡನೆಯೇ ತೊಳಸಿದನು. ಹೊರಗೆ ಬೆಂದು ಒಳಗೆ ಒಣಹಿಟ್ಟೇ ಉಳಿದ ಗಂಟುಗಳಾದವು. ಚತುರ್ದಶಿಯಂದು ಗಂಟಿನ ಅಂಜಿಕೆಯಿಂದ ನೀರು ಹೆಚ್ಚಿಸಿದನು, ಅಂಬಲಿಯಾಯಿತು. ಮೂರನೆಯ ಸಲ ಅಳತೆ ಸರಿಯಿತ್ತು, ಆದರೆ ಬೇಗ ಇಳಿಸಿದ್ದರಿಂದ ಹಸಿಯಾಗಿ ಕೈಗೆ ಮೆತ್ತಿತು. ಅರ್ಧ ಉಂಡು ಬೇಸರದಿಂದ ಎದ್ದುಬಿಟ್ಟನಂತೆ. ಏಕಾಶನದಲ್ಲಿ ಎದ್ದ ಮೇಲೆ ಮತ್ತೆ ಕೂಡುವಂತಿಲ್ಲ.

"ಮೇಷ್ಟ್ರೇ, ಮುದ್ದೆ ಕೆಟ್ಟಿತು. ವ್ರತವೂ ಕೆಟ್ಟಿತೇ?" ಎಂದು ಬಂದು ಕೇಳಿದನು.

ಕೆಡಲಿಲ್ಲ. ನಿಯಮವಿದ್ದುದು ಒಂದೇ ಸಲ ಕೂಡುವುದಕ್ಕೆ ಮತ್ತು ರಸಗಳನ್ನು ಬಿಡುವುದಕ್ಕೆ, ಮುದ್ದೆಯ ನಯಕ್ಕಲ್ಲ. ಆದರೆ ಉಳಿದರ್ಧವನ್ನು ಏನು ಮಾಡಿದೆಯಪ್ಪಾ ಎಂದರೆ, ತಿಪ್ಪೆಗೆ ಎಸೆದೆನೆಂದನು. ವಿಚಾರಿಸಬೇಕಾದ ಸ್ಥಳವಿದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ, ನೀರು-ಬೆಂಕಿ ಮೊದಲಾದವುಗಳ ನಿಷ್ಫಲ ಆರಂಭವನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಾಗಾದರೆ ಕಲಿಯಲೆಂದು ಮಾಡಿ ಕೆಡಿಸಿದ ಅಡಿಗೆಯೂ ಅನರ್ಥದಂಡವೇ? ಉಂಡರೆ ಅಲ್ಲ, ಎಸೆದರೆ ಹೌದು ಎಂಬುದು ನನ್ನ ಅಭಿಪ್ರಾಯ. ಗಂಟಾದುದನ್ನು ಎಸೆಯುವ ಕಾರಣವೂ ಇಲ್ಲ. ಉಣ್ಣಲು ಕೂಡುವ ಮುನ್ನ ಬಿಸಿನೀರು ಬೆರೆಸಿ, ಗಂಟುಗಳನ್ನು ಸೌಟಿನಿಂದ ಒಡೆದು ಮತ್ತೆ ಕುದಿಸಿದರೆ ಒಳ್ಳೆಯ ಅಂಬಲಿಯಾಗುತ್ತದೆ.

ಇನ್ನೊಂದು ಮಾತು. ಕಲಿಕೆಗೆ ವ್ರತದ ದಿನ ತಕ್ಕುದಲ್ಲ; ಹಸಿದವನ ಕೈ ಅವಸರಿಸುತ್ತದೆ. ಬಿಡುವಿನ ದಿನಗಳಲ್ಲಿ, ಅರ್ಧ ಲೋಟ ಹಿಟ್ಟಿನಲ್ಲಿ, ಉಪ್ಪು-ತುಪ್ಪ ಬೆರೆಸದೆಯೇ ಮಾಡಿ ಕಲಿಯತಕ್ಕದ್ದು.

ಕ್ರಮ ಹೀಗಿದೆ. ಹಿಟ್ಟು ಒಂದಳತೆ, ನೀರು ಎರಡಳತೆ. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಎಂದರೆ 48 ನಿಮಿಷವಾದುದರಿಂದ ಉಳಿದುದೆಲ್ಲ ಸಿದ್ಧವಾದ ಮೇಲೆಯೇ ನೀರು ಸೋಸಬೇಕು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬೆರೆಸಿ ಕುದಿಸಬೇಕು. ಎಸರು ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ತೊಳಸದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಬೇಕು. ಗೋಧಿಯಲ್ಲಿರುವ ಜಿಗಟು ರಾಗಿಯಲ್ಲಿಲ್ಲ. ಬಿಸಿನೀರಿನಲ್ಲಿ ಅದರ ಪಿಷ್ಟವು ಉಬ್ಬಿದಾಗಲೇ ಹಿಟ್ಟು ಒಂದುಗೂಡುತ್ತದೆ. ಆದುದರಿಂದ ಕಾಯುವುದೇ ಇಲ್ಲಿ ಮುಖ್ಯ ಕೆಲಸ. ಬಳಿಕ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ಬಲವಾಗಿ ತೊಳಸಿ, ಮುಚ್ಚಿ, ಇನ್ನೆರಡು ನಿಮಿಷ ಉಮ್ಮಗಿಡಬೇಕು. ಒದ್ದೆ ಕೈಯಿಂದ ಮುಟ್ಟಿದಾಗ ಮೆತ್ತದಿದ್ದರೆ ಬೆಂದಿದೆಯೆಂದು ತಿಳಿಯಬೇಕು. ಕಟ್ಟುವಾಗಲೂ ಕೈಗೆ ನೀರೇ ಸಾಕು, ತುಪ್ಪ ಬೇಡ. ಜೊತೆಗೆ ಉಪ್ಪಿಲ್ಲದ ಬೇಳೆಕಟ್ಟು.

ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಒಂಟಿಯಾಗಿರುವವರು ಒಂದೇ ಸಲ ಹತ್ತು ಸೇರು ಬೀಸಿಸಿಡುವುದು ಇದರಿಂದಲೇ ಸಲ್ಲದು. ರಾಗಿಯನ್ನು ಹಗಲು ಬೆಳಕಿನಲ್ಲಿ ಆರಿಸಿ, ಬೇಕಾದಷ್ಟನ್ನೇ ಬೀಸಿಕೊಳ್ಳಬೇಕು. ಮನೆಯಲ್ಲಿ ಬೀಸುಕಲ್ಲಿದ್ದವರಿಗೆ ಇದು ಕಷ್ಟವಲ್ಲ. ಇಬ್ಬರು ಮೂವರು ವ್ರತಿಗಳಿರುವ ಊರಿನಲ್ಲಿ ಒಂದು ಕಲ್ಲು ಎಲ್ಲರಿಗೂ ಸಾಕು.