ಹಳೇ ಗಾಡಿಗೆ ಸಿಂಥೆಟಿಕ್ ಆಯಿಲ್: ಹಾಕಿಸುವ ಮುನ್ನ ಲೆಕ್ಕ ಹಾಕೋಣ



ನಮ್ಮ ಸ್ವಸಹಾಯ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿ. ಹಸು, ಮನೆ ರಿಪೇರಿ, ಮಕ್ಕಳ ಫೀಸು, ಇವುಗಳ ಜೊತೆಗೆ "ಗಾಡಿ ಕೆಲಸ" ಎಂಬ ಕಾರಣವೂ ಕಾಣುತ್ತದೆ. ಗಂಡನೋ ಮಗನೋ ಓಡಿಸುವ ಆಟೋ, ಲಗೇಜ್ ಗಾಡಿ, ಹಳೇ ಜೀಪು ಅನೇಕ ಮನೆಗಳ ಅನ್ನದ ದಾರಿ. ಎಂಜಿನ್ ಕೆಲಸಕ್ಕೆ ಬಿಚ್ಚಿದರೆ ದುಡಿಮೆ ನಿಲ್ಲುತ್ತದೆ, ಸಾಲದ ಕಂತೂ ನಿಲ್ಲುತ್ತದೆ.

ಸಭೆಗಳಲ್ಲಿ ಕೇಳಿಬರುವ ಒಂದು ಪ್ರಶ್ನೆ ಹೀಗಿದೆ: "ಸಿಸ್ಟರ್, ನಮ್ಮ ಗಾಡಿ ಎರಡು ಲಕ್ಷ ಕಿಲೋಮೀಟರ್ ಓಡಿದೆ. ಸಿಂಥೆಟಿಕ್ ಆಯಿಲ್ ಹಾಕಿಸಿದ್ರೆ ಎಂಜಿನ್ ಇನ್ನೂ ಬಹಳ ದಿನ ಬರುತ್ತೆ ಅಂತಾರೆ ಅಂಗಡಿಯವರು. ಹಾಕಿಸಿದ್ರೆ ಲೀಕ್ ಆಗುತ್ತೆ ಅಂತಾರೆ ಮೆಕ್ಯಾನಿಕ್. ಯಾರ ಮಾತು ಕೇಳೋದು?" ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಸ್ವಲ್ಪ ತಪ್ಪು ಇದೆ. ಈ ಪಾಠದಲ್ಲಿ ಅದನ್ನು ಬಿಡಿಸಿ ನೋಡೋಣ.

1. ಎಂಜಿನ್ ಆಯಿಲ್ ಏನು ಕೆಲಸ ಮಾಡುತ್ತದೆ?

ಆಯಿಲ್ ಅಂದರೆ ಬರೀ ಜಾರಿಕೆ ಅಲ್ಲ. ಅದಕ್ಕೆ ಐದು ಕೆಲಸಗಳಿವೆ: ಲೋಹಕ್ಕೆ ಲೋಹ ಉಜ್ಜದಂತೆ ನೋಡಿಕೊಳ್ಳುವುದು, ಒಳಗಿನ ಬಿಸಿಯನ್ನು ಹೊತ್ತು ತರುವುದು, ಮಸಿ ಮತ್ತು ಕೊಳೆಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು, ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವಿನ ಸಂದು ಮುಚ್ಚುವುದು, ತುಕ್ಕು ಹಿಡಿಯದಂತೆ ಕಾಯುವುದು.

ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಂಡು ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ, ಕೂಡಲೇ ತೋರಿಸಬೇಕು.

2. ಸಿಂಥೆಟಿಕ್ ಅಂದರೆ ಏನು?

ಸಾಮಾನ್ಯ ಆಯಿಲ್, ಅಂದರೆ ಮಿನರಲ್ ಆಯಿಲ್, ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು. ಅದರಲ್ಲಿ ಸಣ್ಣ ದೊಡ್ಡ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್ ಆಯಿಲ್‌ನಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಜೋಡಿಸಿರುತ್ತಾರೆ, ಇಲ್ಲವೇ ಕಚ್ಚಾ ತೈಲದ ಅಂಶವನ್ನೇ ತುಂಬಾ ಹೆಚ್ಚಿನ ಮಟ್ಟಕ್ಕೆ ಸಂಸ್ಕರಿಸಿರುತ್ತಾರೆ. ಎರಡನ್ನೂ ಬೆರೆಸಿದ್ದು ಸೆಮಿ ಸಿಂಥೆಟಿಕ್.

ಸಿಂಥೆಟಿಕ್‌ಗೆ ಎರಡು ದೊಡ್ಡ ಗುಣಗಳಿವೆ. ಕೊರೆಯುವ ಚಳಿಯಲ್ಲೂ ಬೇಗ ಹರಿಯುತ್ತದೆ, ವಿಪರೀತ ಬಿಸಿಯಲ್ಲೂ ಬೇಗ ಕೆಡುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಮೊದಲನೆಯ ಗುಣಕ್ಕೆ ಬೆಲೆ ಹೆಚ್ಚು. ನಮ್ಮ ಮಡಿಕೇರಿಯ ಚಳಿಗೆ ಅಷ್ಟೊಂದು ಬೇಕಾಗಿಲ್ಲ. ಎರಡನೆಯ ಗುಣ ನಮಗೂ ಉಪಯೋಗ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಓಡುವ ಗಾಡಿಗೆ, ಶಿರಾಡಿ, ಚಾರ್ಮಾಡಿ ಘಾಟಿಯನ್ನು ಲೋಡು ಹೊತ್ತು ಹತ್ತುವ ಗಾಡಿಗೆ, ಟರ್ಬೋ ಇರುವ ಎಂಜಿನ್‌ಗೆ ಅದರಿಂದ ನಿಜವಾದ ಪ್ರಯೋಜನವಿದೆ.

ಆದರೆ ಸವೆದ ರಿಂಗನ್ನು, ಅಗಲವಾದ ಬೋರನ್ನು ಯಾವ ಆಯಿಲ್ಲೂ ಮತ್ತೆ ಹೊಸದು ಮಾಡುವುದಿಲ್ಲ. ಮುಂದಿನ ಸವೆತವನ್ನು ನಿಧಾನ ಮಾಡಬಹುದು, ಆಗಿಹೋದ ಸವೆತವನ್ನು ತುಂಬಲಾರದು.

3. "ಲೀಕ್ ಆಗುತ್ತೆ" ಅನ್ನೋದು ನಿಜವೇ?

ಈ ಮಾತಿಗೆ ಒಂದು ಚರಿತ್ರೆ ಇದೆ. 1970ರ ದಶಕದಲ್ಲಿ ವಿದೇಶಗಳಲ್ಲಿ ಮಾರಾಟಕ್ಕೆ ಬಂದ ಆರಂಭದ ಕೆಲವು ಸಿಂಥೆಟಿಕ್ ಆಯಿಲ್‌ಗಳಿಂದ ರಬ್ಬರ್ ಸೀಲುಗಳು ಕುಗ್ಗಿ ಸೋರಿಕೆ ಆಗುತ್ತಿತ್ತು. ಆಮೇಲೆ ತಯಾರಕರು ಸೀಲನ್ನು ಮೆದುವಾಗಿಡುವ ಅಂಶಗಳನ್ನು ಸೇರಿಸಿದರು. ಈಗಿನ ಒಳ್ಳೆಯ ಆಯಿಲ್‌ಗಳಲ್ಲಿ ಆ ದೋಷ ಇಲ್ಲ.

ಹಾಗಾದರೆ ಹಳೇ ಗಾಡಿ ಯಾಕೆ ಸೋರುತ್ತದೆ? ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಸೀಲು ಗಟ್ಟಿಯಾಗಿ, ಬಿರುಕು ಬಿಟ್ಟಿರುತ್ತದೆ. ಅದರ ಸುತ್ತ ಕಟ್ಟಿದ ಜಿಡ್ಡೇ ಬಿರುಕನ್ನು ಮುಚ್ಚಿರುತ್ತದೆ. ಹೊಸ ಆಯಿಲ್ ಆ ಜಿಡ್ಡನ್ನು ಕರಗಿಸಿದಾಗ ಮೊದಲೇ ಇದ್ದ ಬಿರುಕು ಹೊರಗೆ ಕಾಣುತ್ತದೆ. ಗೋಡೆಯ ಬಿರುಕಿಗೆ ಅಂಟಿಸಿದ ಕ್ಯಾಲೆಂಡರ್ ತೆಗೆದ ಹಾಗೆ! ಬಿರುಕು ಮಾಡಿದ್ದು ಕ್ಯಾಲೆಂಡರ್ ತೆಗೆದವರಲ್ಲ. ಆದರೂ ಸೋರಿಕೆಯ ಖರ್ಚು ನಮ್ಮ ಮೇಲೆಯೇ ಬೀಳುವುದರಿಂದ ಮೆಕ್ಯಾನಿಕ್ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

"ಸಿಂಥೆಟಿಕ್ ತುಂಬಾ ತೆಳು" ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ತೆಳುವೋ ಮಂದವೋ ಎಂಬುದನ್ನು ಡಬ್ಬದ ಮೇಲಿನ ಗ್ರೇಡ್ ಹೇಳುತ್ತದೆ. 15ಡಬ್ಲ್ಯು-40 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿನ ಹರಿವನ್ನು, ಎರಡನೆಯದು ಎಂಜಿನ್ ಬಿಸಿಯಾದಾಗಿನ ಮಂದತನವನ್ನು ತಿಳಿಸುತ್ತದೆ. ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, ಎರಡೂ 40 ಆಗಿದ್ದರೆ ಬಿಸಿಯಲ್ಲಿ ಎರಡೂ ಒಂದೇ ವರ್ಗದ ಮಂದ. ಎರಡನ್ನೂ ಬೆರೆಸಿದರೆ ಹಾಲಿನಂತೆ ಒಡೆಯುತ್ತದೆ ಎಂಬುದೂ ಸುಳ್ಳು. ಒಮ್ಮೆ ಸಿಂಥೆಟಿಕ್ ಹಾಕಿದವರು ಮತ್ತೆ ಮಿನರಲ್‌ಗೆ ಬರಬಹುದು, ತೊಂದರೆ ಇಲ್ಲ.

4. ಮನೆಯ ಲೆಕ್ಕ

ಒಂದು ಹಳೇ ಲಗೇಜ್ ಗಾಡಿ ತೆಗೆದುಕೊಳ್ಳೋಣ. ಎಂಜಿನ್‌ಗೆ 3 ಲೀಟರ್ ಆಯಿಲ್ ಹಿಡಿಯುತ್ತದೆ. ವರ್ಷಕ್ಕೆ 20,000 ಕಿ.ಮೀ. ಓಡುತ್ತದೆ, 10,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿ. ಮಿನರಲ್ ಲೀಟರಿಗೆ 350 ರೂ., ಸಿಂಥೆಟಿಕ್ 800 ರೂ., ಫಿಲ್ಟರ್ 150 ರೂ. ಎಂದು ಇಟ್ಟುಕೊಳ್ಳೋಣ. ಇವು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬೆಲೆ, ನಿಮ್ಮ ಗಾಡಿಯ ಅಳತೆ ಹಾಕಿಕೊಳ್ಳಿ.

ಮಿನರಲ್: ವರ್ಷಕ್ಕೆ ಎರಡು ಬಾರಿ, ಫಿಲ್ಟರ್ ಸೇರಿ 2,400 ರೂ.
ಸಿಂಥೆಟಿಕ್: ವರ್ಷಕ್ಕೆ ಎರಡು ಬಾರಿ, ಫಿಲ್ಟರ್ ಸೇರಿ 5,100 ರೂ.
ವ್ಯತ್ಯಾಸ: 2,700 ರೂ.

ಈಗ ಅದೇ ಎಂಜಿನ್ 1,000 ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತದೆ ಅನ್ನಿ. ವರ್ಷಕ್ಕೆ 10 ಲೀಟರ್ ಮೇಲಿಂದ ಸುರಿಯಬೇಕು. ಅದಕ್ಕೆ ಮಿನರಲ್ ಆದರೆ 3,500 ರೂ., ಸಿಂಥೆಟಿಕ್ ಆದರೆ 8,000 ರೂ. ಒಟ್ಟು ಖರ್ಚು ಕ್ರಮವಾಗಿ 5,900 ಮತ್ತು 13,100 ರೂ. ವ್ಯತ್ಯಾಸ 7,200 ರೂ., ಅಂದರೆ ತಿಂಗಳಿಗೆ 600 ರೂ. ಹೊಗೆಯಾಗಿ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಅದು ಸಂಘದ ಕಂತಿನ ಹಣ!

"ಸಿಂಥೆಟಿಕ್ ಹಾಕಿದ್ರೆ ಎರಡು ಪಟ್ಟು ಕಿಲೋಮೀಟರ್ ಓಡಿಸಬಹುದಲ್ಲ?" ಎಂದು ಕೇಳಬಹುದು. ಹೊಸ ಎಂಜಿನ್‌ನಲ್ಲಿ ಕಂಪನಿ ಒಪ್ಪಿದ್ದರೆ ಸರಿ. ಸವೆದ ಎಂಜಿನ್‌ನಲ್ಲಿ ರಿಂಗ್ ಸಂದಿನಿಂದ ಮಸಿ, ಹಬೆ, ಉರಿಯದ ಡೀಸೆಲ್ ಕೆಳಗಿಳಿದು ಆಯಿಲ್ ಸೇರುತ್ತವೆ. ಆಯಿಲ್ ಎಷ್ಟೇ ಒಳ್ಳೆಯದಿರಲಿ, ಕೊಳೆ ತುಂಬಿದ ಮೇಲೆ ತೆಗೆಯಲೇಬೇಕು. ಆದ್ದರಿಂದ ಹಳೇ ಗಾಡಿಯಲ್ಲಿ ಬದಲಿ ಅವಧಿಯನ್ನು ಎಳೆಯಬೇಡಿ.

5. ಮೊದಲು ಎಂಜಿನ್ ಪರೀಕ್ಷೆ, ಆಮೇಲೆ ತೀರ್ಮಾನ

ಒಂದು ತಿಂಗಳು ಈ ನಾಲ್ಕು ವಿಷಯ ಗಮನಿಸಿ ಬರೆದಿಡಿ.

ಅ) ಮಟ್ಟ: ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಸಮನೆಲದಲ್ಲಿ ನಿಂತಿರುವಾಗ ಡಿಪ್‌ಸ್ಟಿಕ್, ಅಂದರೆ ಆಯಿಲ್ ನೋಡುವ ಕಡ್ಡಿ, ತೆಗೆದು ಒರೆಸಿ ಮತ್ತೆ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟುವಷ್ಟು ಸುರಿಯುವುದೂ ಸೀಲಿಗೆ ಕೆಟ್ಟದ್ದೇ.
ಆ) ಸೋರಿಕೆ: ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಎಷ್ಟು ಹನಿ ಬಿದ್ದಿದೆ ನೋಡಿ.
ಇ) ಹೊಗೆ: ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.
ಈ) ಜಿಡ್ಡು: ಆಯಿಲ್ ಸುರಿಯುವ ಮುಚ್ಚಳದ ಒಳಗೆ ಡಾಂಬರಿನಂಥ ಜಿಡ್ಡು ಕಟ್ಟಿದ್ದರೆ ಒಳಗೂ ಹಾಗೆಯೇ ಇದೆ.

ಆಯಿಲ್ ಕುಡಿಯುವ, ಸೋರುವ ಎಂಜಿನ್‌ಗೆ ಸಿಂಥೆಟಿಕ್ ಬೇಡ. ಆ ಹಣ ಕೂಡಿಟ್ಟು ಸೀಲು, ರಿಂಗಿನ ಕೆಲಸ ಮಾಡಿಸಿ. ಮಟ್ಟ ಇಳಿಯದ, ಹೊಗೆ ಇಲ್ಲದ, ಆದರೆ ಬಿಸಿಯಲ್ಲಿ, ಲೋಡಿನಲ್ಲಿ ದುಡಿಯುವ ಎಂಜಿನ್ ಆದರೆ ಸಿಂಥೆಟಿಕ್ ಅಥವಾ ಸೆಮಿ ಸಿಂಥೆಟಿಕ್ ಹಾಕಿಸಬಹುದು.

6. ಬದಲಾಯಿಸುವುದಾದರೆ ಹೇಗೆ?

* ಮೊದಲು ಒಂದೆರಡು ಸಲ ಮಿನರಲ್ ಆಯಿಲನ್ನೇ ಅರ್ಧ ಅವಧಿಗೆ ಫಿಲ್ಟರ್ ಸಮೇತ ಬದಲಿಸಿ. ಜಿಡ್ಡು ನಿಧಾನವಾಗಿ ಕರಗಲಿ. ಕೊಳೆ ತೊಳೆಯೋಕೆ ದುಬಾರಿ ಆಯಿಲ್ ಯಾಕೆ?
* ಬೇಗ ತೊಳೆಯುವ ಫ್ಲಶ್ ದ್ರವ ಹಳೇ ಎಂಜಿನ್‌ಗೆ ಬೇಡ. ಜಿಡ್ಡು ತುಂಡು ತುಂಡಾಗಿ ಎದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡಬಿದ್ದರೆ ಬೇರಿಂಗ್ ಹೋಗುತ್ತದೆ.
* ಗೈಡ್ ಪುಸ್ತಕದಲ್ಲಿರುವ ಗ್ರೇಡನ್ನೇ ಹಾಕಿಸಿ. 15ಡಬ್ಲ್ಯು-40 ಹೇಳಿರುವ ಎಂಜಿನ್‌ಗೆ ಹೊಸ ಕಾರಿನ ತೆಳು ಆಯಿಲ್ ಹಾಕಬೇಡಿ.
* ಡಬ್ಬದ ಮೇಲಿನ ಎಪಿಐ ಗುರುತು ನೋಡಿ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿಐ-4ರಂತೆ ಸಿ ಅಕ್ಷರದಿಂದ ಶುರುವಾದರೆ ಡೀಸೆಲ್‌ಗೆ. ಬೈಕಿನಂತೆ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಗಾಡಿಗೆ ಜಾಸೋ ಎಂಎ ಎಂದಿರುವುದೇ ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಗಾಡಿಗೆ ಈ ಪಾಠ ಅನ್ವಯಿಸುವುದಿಲ್ಲ.
* ಮೊದಲ ಸಿಂಥೆಟಿಕ್ ಹಾಕಿದ ಮೇಲೆ ಒಂದು ತಿಂಗಳು ವಾರಕ್ಕೆ ಎರಡು ಸಲ ಮಟ್ಟ ನೋಡಿ.
* ಓಡುವಾಗ ಕೆಂಪು ಆಯಿಲ್ ದೀಪ ಹೊತ್ತಿದರೆ "ಮನೆವರೆಗೆ ಹೋಗೋಣ" ಅನ್ನಬೇಡಿ. ಅಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ಖಾಲಿ ಡಬ್ಬವನ್ನು ತೂತು ಮಾಡಿಯೇ ಗುಜರಿಗೆ ಕೊಡಿ. ಇಲ್ಲದಿದ್ದರೆ ಅದರಲ್ಲೇ ಕಳಪೆ ಆಯಿಲ್ ತುಂಬಿ ಮತ್ತೆ ನಮಗೇ ಮಾರುವವರಿದ್ದಾರೆ.

7. ತೆಗೆದ ಹಳೇ ಆಯಿಲ್ ಎಲ್ಲಿಗೆ?

ಚರಂಡಿಗೆ, ಬಾವಿ ಬದಿಗೆ, ತೋಟಕ್ಕೆ ಸುರಿಯಬೇಡಿ. ಸ್ವಲ್ಪ ಆಯಿಲ್ಲೇ ಬಹಳಷ್ಟು ಕುಡಿಯುವ ನೀರನ್ನು ಕೆಡಿಸುತ್ತದೆ. ದನದ ಗಾಯಕ್ಕೆ ಹಚ್ಚುವ ರೂಢಿಯೂ ಕೆಲವೆಡೆ ಇದೆ. ಅದನ್ನು ಬಿಡಿ, ಪಶುವೈದ್ಯರಿಗೆ ತೋರಿಸಿ. ಬಳಸಿದ ಆಯಿಲ್ ಪದೇ ಪದೇ ಚರ್ಮಕ್ಕೆ ತಗುಲಿದರೆ ಚರ್ಮದ ಕ್ಯಾನ್ಸರ್‌ನ ಅಪಾಯವಿದೆ. ಆಯಿಲ್ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಹಳೇ ಆಯಿಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ನೆನಪಿಡಿ

ಹಳೇ ಎಂಜಿನ್ ಉಳಿಸುವುದು ದುಬಾರಿ ಡಬ್ಬವಲ್ಲ. ಸರಿಯಾದ ಗ್ರೇಡ್, ಸರಿಯಾದ ಮಟ್ಟ, ಸರಿಯಾದ ಸಮಯಕ್ಕೆ ಬದಲಿ, ಈ ಮೂರು ಇದ್ದರೆ ಸಾಮಾನ್ಯ ಆಯಿಲ್ಲೂ ಗಾಡಿಯನ್ನು ಕಾಯುತ್ತದೆ. ಈ ಮೂರು ಇಲ್ಲದಿದ್ದರೆ ಸಿಂಥೆಟಿಕ್ಕೂ ಕಾಯುವುದಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯ ಗಾಡಿಗೆ ಕಳೆದ ಸಲ ಯಾವಾಗ, ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಿದಿರಿ? ಎಲ್ಲಾದರೂ ಬರೆದಿಟ್ಟಿದ್ದೀರಾ?
2. ಕಳೆದ ವರ್ಷ ಗಾಡಿ ಕೆಲಸಕ್ಕೆ ನಮ್ಮ ಸಂಘದಿಂದ ಎಷ್ಟು ಸಾಲ ಹೋಗಿದೆ? ಅದರಲ್ಲಿ ಎಷ್ಟನ್ನು ತಪ್ಪಿಸಬಹುದಿತ್ತು?
3. ನಮ್ಮ ಊರಿನಲ್ಲಿ ಹಳೇ ಆಯಿಲ್ ಎಲ್ಲಿಗೆ ಹೋಗುತ್ತಿದೆ?

ಮುಂದಿನ ಸಭೆಗೆ ಕೆಲಸ: ಒಂದು ಸಣ್ಣ ನೋಟ್‌ಬುಕ್ ಗಾಡಿಯಲ್ಲೇ ಇಡಿ. ದಿನಾಂಕ, ಕಿಲೋಮೀಟರ್, ಆಯಿಲ್ ಮಟ್ಟ, ಸುರಿದ ಪ್ರಮಾಣ, ಇಷ್ಟನ್ನು ಬರೆಯಿರಿ. ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಬರೆಯಿರಿ; ಕಡ್ಡಿ ತೆಗೆದು ನೋಡೋಕೆ ಡ್ರೈವಿಂಗ್ ಬರಬೇಕಾಗಿಲ್ಲ. ಮುಂದಿನ ತಿಂಗಳು ಆ ನೋಟ್‌ಬುಕ್ ತನ್ನಿ, ಲೆಕ್ಕ ಎಲ್ಲರೂ ಸೇರಿ ಹಾಕೋಣ.