ಕೇಬಲ್ಲಿಗೆ ಸಾಲ ಕೊಡುವ ಮುನ್ನ



ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಬರುವ ಲಾರಿ, ಮೊಳಕಾಲ್ಮುರಿಗೆ ರೇಷ್ಮೆ ಸೀರೆ ಕೊಳ್ಳಲು ಬರುವ ಕಾರು, ಇವುಗಳ ರಿಪೇರಿಯನ್ನೇ ನಂಬಿದ ಮಕ್ಕಳು ನಮ್ಮಲ್ಲಿದ್ದಾರೆ. "ಕಾರಿಗೂ ಕಂಪ್ಯೂಟರಿಗೂ ಜೋಡಿಸೋ ಕೇಬಲ್ ಬೇಕು, ಸಂಘದಲ್ಲಿ ಸಾಲ ಕೇಳವ್ವ" ಎಂದು ಮಗ ಹೇಳಿದರೆ ಏನು ಮಾಡೋಣ? ಬೇಡವೆನ್ನುವುದೂ ಬೇಡ, ಕಣ್ಣುಮುಚ್ಚಿ ಸಹಿ ಹಾಕುವುದೂ ಬೇಡ. ಕೇಬಲ್ ಮೂಲೆ ಸೇರಿದರೆ ಕಂತು ಕಟ್ಟುವವಳು ತಾಯಿಯೇ.

ಕೇಬಲ್ ಏನು ಮಾಡುತ್ತದೆ?

ಈಗಿನ ಕಾರುಗಳಲ್ಲಿ ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಇದೆ. ತೊಂದರೆ ಬಂದರೆ ಅದು ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೇಬಲ್ ಹಾಕಿದರೆ ಆ ಸಂಖ್ಯೆ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಈ ವ್ಯವಸ್ಥೆಗೆ ಓಬಿಡಿ ಎನ್ನುತ್ತಾರೆ. 'ಪಿ0301' ಎಂದರೆ ಮೊದಲನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಾರಣ ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ, ಅದನ್ನು ಮೆಕ್ಯಾನಿಕ್ಕೇ ಹುಡುಕಬೇಕು. ಥರ್ಮಾಮೀಟರ್ ಜ್ವರ ಎಷ್ಟಿದೆ ಅಂತ ಹೇಳುತ್ತೆ, ಯಾಕೆ ಬಂತು ಅಂತ ಹೇಳೋದಿಲ್ಲ, ಅಲ್ಲವೇ?

ಈ ಐದನ್ನು ಕೇಳಿ:

1. ಗ್ಯಾರೇಜಿಗೆ ಯಾವ ಗಾಡಿಗಳು ಬರುತ್ತವೆ? ಒಂದು ತಿಂಗಳು ಹೆಸರು, ಮಾಡಲ್, ವರ್ಷ ಬರೆದಿಡಲಿ. ದೇಶಕ್ಕೆಲ್ಲ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಆಮೇಲಿನ ಕಾರುಗಳಲ್ಲಿ ಓಬಿಡಿ ಇದೆ. ಹಳೆಯವುಗಳಲ್ಲಿ ಇರಬಹುದು, ಇಲ್ಲದಿರಬಹುದು.

2. ಕೇಬಲ್ಲಿಗೆ ಆ ಗಾಡಿಗಳ 'ಭಾಷೆ' ಬರುತ್ತದೆಯೇ? ಹಳೆಯ ಕಾರುಗಳು ಹೆಚ್ಚಾಗಿ 7ನೇ ಪಿನ್ನಿನ ಕೆ-ಲೈನ್‌ನಲ್ಲಿ, ಹೊಸವು 6 ಮತ್ತು 14ನೇ ಪಿನ್ನಿನ ಕ್ಯಾನ್‌ನಲ್ಲಿ ಮಾತಾಡುತ್ತವೆ. ಕೆ-ಲೈನ್ ಮಾತ್ರ ಇರುವ ಅಗ್ಗದ ಕೇಬಲ್ ಹೊಸ ಕಾರಿನ ಸಾಕೆಟ್ಟಿಗೆ ಕೂರುತ್ತದೆ, ಆದರೆ ಮಾತಾಡುವುದಿಲ್ಲ!

3. ಲಾರಿಗೂ ಬೇಕೇ? ಕಾರಿನದು 12 ವೋಲ್ಟ್, ದೊಡ್ಡ ಲಾರಿಯದು 24 ವೋಲ್ಟ್. ಕಾರಿನ ಕೇಬಲ್ ಲಾರಿಗೆ ಹಾಕಿದರೆ ಸುಟ್ಟುಹೋಗಬಹುದು.

4. ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಇವೆಯೇ? ಅವುಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಇಂಜಿನ್ನಿಗಷ್ಟೇ ಸಾಕೇ, ಬ್ರೇಕ್ ಎಬಿಎಸ್, ಏರ್‌ಬ್ಯಾಗ್ ಕೂಡ ನೋಡಬೇಕೇ? ಸಾಮಾನ್ಯ ಕೇಬಲ್ ಇವನ್ನು ಓದುವುದು ಕಡಿಮೆ.

5. ಬಿಲ್ ಕೊಡುತ್ತಾರೆಯೇ? ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ? ಆದರೆ ಎರಡು ಮೂರು ಗಾಡಿಗೆ ಹಾಕಿ ನೋಡಿಯೇ ಕೊಳ್ಳಲಿ.

ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಕೂಲಿಯಲ್ಲಿ ಉಳಿಸಿ ವಾರವಾರ ಕಟ್ಟಿದ ಹಣವಿದು. ಮಗನನ್ನು ಪ್ರಶ್ನೆ ಕೇಳುವುದು ಅಪನಂಬಿಕೆಯಲ್ಲ. ಅವನ ಕೆಲಸ ನಿಲ್ಲಲಿ ಎಂದಲ್ಲ, ನೆಲೆ ನಿಲ್ಲಲಿ ಎಂದೇ ನಾವು ಕೇಳುತ್ತೇವೆ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಿಂದ ಸಾಲ ಪಡೆದು ಕೊಂಡ ಯಾವ ಸಾಮಾನು ಈಗ ಮೂಲೆಯಲ್ಲಿದೆ? ಕೊಳ್ಳುವ ಮುಂಚೆ ನಾವು ಏನು ಕೇಳಬೇಕಿತ್ತು?